ಸ್ಟ್ರಾನ್ಷಿಯಂ, ಸತು, ತಾಮ್ರ, ಬೆಳ್ಳಿ: ಬಯೋಆಕ್ಟಿವ್ ಗಾಜಿಗೆ ಯಾವುದು ಒಗ್ಗುತ್ತದೆ?

ಮೂಳೆಗೆ ಬೆಸೆದುಕೊಳ್ಳುವ ಗಾಜನ್ನು 1969ರಲ್ಲಿ ಲ್ಯಾರಿ ಹೆಂಚ್ ಫ್ಲಾರಿಡಾದಲ್ಲಿ ರೂಪಿಸಿದಾಗ ಅದರಲ್ಲಿದ್ದದ್ದು ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ, ರಂಜಕದ ಆಕ್ಸೈಡುಗಳಷ್ಟೇ. ಈಗ ಲೋಹ ಬೆರೆಸುವವರು ಜೀವಕೋಶಕ್ಕೆ ಏನು ಲಾಭ ಎಂದೇ ಮೊದಲು ನೋಡುತ್ತಾರೆ. ಆ ಲೋಹ ಗಾಜಿನೊಳಗೆ ಎಲ್ಲಿ ಕೂರುತ್ತದೆ ಎಂಬುದನ್ನು ಅದಕ್ಕೂ ಮೊದಲು ನೋಡಬೇಕು.

ನಾಲ್ಕಕ್ಕೂ ಒಂದೇ ತಳಹದಿ: ಸೋಲ್-ಜೆಲ್ ವಿಧಾನದ (ದ್ರಾವಣವನ್ನು ಜೆಲ್ ಆಗಿಸಿ, ಒಣಗಿಸಿ, ಕಾಯಿಸಿ ಗಾಜು ಮಾಡುವ) 70ಎಸ್30ಸಿ, ಅಂದರೆ 70 ಮೋಲ್ ಸಿಲಿಕಾಗೆ 30 ಮೋಲ್ ಕ್ಯಾಲ್ಸಿಯಂ ಆಕ್ಸೈಡ್. 0.1 ಮೋಲ್ ಬ್ಯಾಚಿಗೆ 15 ಮಿ.ಲೀ. ನೀರು, 2.5 ಮಿ.ಲೀ. 2 ನಾರ್ಮಲ್ ನೈಟ್ರಿಕ್ ಆಮ್ಲ, 14.58 ಗ್ರಾಂ ಟಿಇಒಎಸ್ (ಸಿಲಿಕಾ ಕೊಡುವ ದ್ರವ, ಟೆಟ್ರಾಈಥೈಲ್ ಆರ್ಥೊಸಿಲಿಕೇಟ್). ಎರಡು ಪದರ ಒಂದಾಗಿ ತಿಳಿಯಾಗುವವರೆಗೆ, ಸುಮಾರು ಒಂದು ಗಂಟೆ ಕಲಕಿ, 7.08 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಟೆಟ್ರಾಹೈಡ್ರೇಟ್ ಹಾಕಿ. ಮುಚ್ಚಿದ ಟೆಫ್ಲಾನ್ ಡಬ್ಬಿಯಲ್ಲಿ 60 ಡಿಗ್ರಿಗೆ ಮೂರು ದಿನ, 130 ಡಿಗ್ರಿವರೆಗೆ ನಿಧಾನ ಒಣಗಿಸುವಿಕೆ, ಕೊನೆಗೆ 700 ಡಿಗ್ರಿ. ಕುಲುಮೆಯಿಂದ ಕಂದು ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಫ್ಯೂಮ್ ಹುಡ್ ಬಿಟ್ಟು ಮಾಡಬೇಡಿ. ಕಾಯಿಸುವುದು ಕಡಿಮೆಯಾದರೆ ಉಳಿದ ನೈಟ್ರೇಟ್ ಜೀವಕೋಶಗಳನ್ನು ಕೊಲ್ಲುತ್ತದೆ, ದೂರು ಮಾತ್ರ ಲೋಹದ ತಲೆಗೆ ಬರುತ್ತದೆ.

ಸ್ಟ್ರಾನ್ಷಿಯಂ ಎಲ್ಲಕ್ಕಿಂತ ಸಲೀಸು. ಮೂಳೆ ತುಂಬುವ ಗಾಜಾದರೆ ಇದರಿಂದಲೇ ಶುರು ಮಾಡಿ. ಕ್ಯಾಲ್ಸಿಯಂನಷ್ಟೇ ವಿದ್ಯುದಂಶ, ತುಸು ದೊಡ್ಡ ಅಯಾನು, ಹಾಗಾಗಿ ಅದರ ಜಾಗದಲ್ಲೇ ಕೂರುತ್ತದೆ. 5 ಮೋಲ್ ಶೇಕಡಾಕ್ಕೆ 1.06 ಗ್ರಾಂ ಸ್ಟ್ರಾನ್ಷಿಯಂ ನೈಟ್ರೇಟ್, ಕ್ಯಾಲ್ಸಿಯಂ ನೈಟ್ರೇಟ್ 5.90ಕ್ಕೆ ಇಳಿಕೆ. ಗ್ರಾಮಿಗೆ ಗ್ರಾಂ ಬದಲಿಸುವುದು ದೊಡ್ಡ ತಪ್ಪು: ಸ್ಟ್ರಾನ್ಷಿಯಂ ಆಕ್ಸೈಡಿನ ಮೋಲ್ ತೂಕ 103.6, ಕ್ಯಾಲ್ಸಿಯಂ ಆಕ್ಸೈಡಿನದು 56.1. ತೂಕ ಸಮ ಮಾಡಿದರೆ ಸಿಲಿಕಾದ ಮೋಲ್ ಪಾಲು ಏರಿ ಗಾಜು ಕರಗುವುದೇ ನಿಧಾನವಾಗುತ್ತದೆ. ಸ್ಟ್ರಾನ್ಷಿಯಂ ನೈಟ್ರೇಟ್ ಅನ್ನು ಒಣದಾಗಿ ಸುರಿಯಬೇಡಿ. ಟಿಇಒಎಸ್ ಒಡೆದು ಹುಟ್ಟಿದ ಎಥನಾಲಿನಲ್ಲಿ ಅದು ಸರಿಯಾಗಿ ಕರಗದು, ತಳದಲ್ಲಿ ಬಿಳಿ ಕಾಳಾಗಿ ಉಳಿಯಬಹುದು. ಲೆಕ್ಕದ ನೀರಿನಲ್ಲೇ 3 ಮಿ.ಲೀ. ಎತ್ತಿಟ್ಟು ಅದರಲ್ಲಿ ಕರಗಿಸಿ ಹಾಕಿ.

ಸತುವಿನ ವಿದ್ಯುದಂಶವೂ ಅಷ್ಟೇ, ಸ್ವಭಾವ ಮಾತ್ರ ಬೇರೆ. ನಾಲ್ಕು ಆಮ್ಲಜನಕ ಹಿಡಿದು ಸಿಲಿಕಾ ಜಾಲಕ್ಕೇ ಸೇರಿಕೊಳ್ಳುತ್ತದೆ, ವಿದ್ಯುದಂಶ ಸರಿತೂಗಿಸಲು ಪಕ್ಕದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ಫಲವಾಗಿ ಮೇಲ್ಮೈಯಲ್ಲಿ ಅಪಟೈಟ್, ಅಂದರೆ ಮೂಳೆಯಲ್ಲಿರುವಂಥ ಖನಿಜ, ತಡವಾಗಿ ಮೂಡುತ್ತದೆ. 5 ಮೋಲ್ ಶೇಕಡಾಕ್ಕೆ 1.49 ಗ್ರಾಂ ಸತು ನೈಟ್ರೇಟ್ ಹೆಕ್ಸಾಹೈಡ್ರೇಟ್ ಬೇಕು, ಆದರೆ ಗಾಜು ಬೇಗ ಕೆಲಸ ಮಾಡಬೇಕಿದ್ದರೆ 1–2 ಮೋಲ್ ಶೇಕಡಾ ದಾಟದಿರುವುದೇ ಮೇಲು.

ಹೊಸ ರಕ್ತನಾಳ ಬೆಳೆಸಬೇಕಾದ ಗಾಯಕ್ಕೆ ತಾಮ್ರ. 1 ಮೋಲ್ ಶೇಕಡಾಕ್ಕೆ 0.24 ಗ್ರಾಂ ತಾಮ್ರದ ನೈಟ್ರೇಟ್ ಟ್ರೈಹೈಡ್ರೇಟ್ ಸಾಕು, ಹೆಚ್ಚಾದರೆ ವಿಷ. ಇದರ ಬಣ್ಣವೇ ಒಂದು ಪರೀಕ್ಷೆ. ಒಣಗಿದ ಜೆಲ್ಲಿನ ಅಂಚು ನಡುವಿಗಿಂತ ಗಾಢ ನೀಲಿಯಾದರೆ, ನೀರು ಬೇಗ ಆರಿ ನೈಟ್ರೇಟ್ ಹೊರಕ್ಕೆ ಸರಿದಿದೆ ಎಂದರ್ಥ. ಸುಟ್ಟ ಮೇಲೆ ಕಪ್ಪು ಚುಕ್ಕೆ ಕಂಡರೆ ತಾಮ್ರದ ಆಕ್ಸೈಡ್ ಬೇರ್ಪಟ್ಟಿರುವ ಸಾಧ್ಯತೆ ಹೆಚ್ಚು, ಆ ಬ್ಯಾಚ್ ಬಿಟ್ಟುಬಿಡಿ.

ಬ್ಯಾಕ್ಟೀರಿಯಾ ಕೊಲ್ಲಲು ಬೆರೆಸುವ ಬೆಳ್ಳಿ ಅತಿ ತೊಡಕಿನದು. ಸಿಲ್ವರ್ ಆಕ್ಸೈಡಿನಲ್ಲಿ ಎರಡು ಬೆಳ್ಳಿ ಪರಮಾಣು ಇರುವುದರಿಂದ 1 ಮೋಲ್ ಶೇಕಡಾಕ್ಕೆ 0.34 ಗ್ರಾಂ ಸಿಲ್ವರ್ ನೈಟ್ರೇಟ್ ಬೇಕು, 0.17 ಅಲ್ಲ. ಡಬ್ಬಿಗೆ ಫಾಯಿಲ್ ಸುತ್ತಿ. ಹೈಡ್ರೋಕ್ಲೋರಿಕ್ ಆಮ್ಲ ಹತ್ತಿರ ಬಂದರೂ ಬಿಳಿ ಕ್ಲೋರೈಡ್ ಕೂರುತ್ತದೆ. ಗಾಜು ಹಳದಿ-ಕಂದಾದರೆ ಒಂದಿಷ್ಟು ಬೆಳ್ಳಿ ಅಯಾನಾಗಿ ಉಳಿಯದೆ ಲೋಹದ ಕಣವಾಗಿದೆ. ಅಳೆಯುವಾಗಲೂ ಕ್ಲೋರೈಡಿನದೇ ಕಾಟ. ಗಾಜನ್ನು ನೆನೆಸಿಟ್ಟು ಪರೀಕ್ಷಿಸುವ ಕೃತಕ ದೇಹದ್ರವದಲ್ಲಿ ಸುಮಾರು 148 ಮಿಲಿಮೋಲಾರ್ ಕ್ಲೋರೈಡ್ ಇದೆ. ಹೊರಬಂದ ಬೆಳ್ಳಿ ಬಹುಮಟ್ಟಿಗೆ ಅಲ್ಲೇ ಗಟ್ಟಿಯಾಗಿ ಫಿಲ್ಟರಿನಲ್ಲಿ ಉಳಿದರೆ, ದ್ರಾವಣದಲ್ಲಿನ ಧಾತುಗಳನ್ನು ಅಳೆಯುವ ಐಸಿಪಿ ಯಂತ್ರ ತೀರಾ ಕಡಿಮೆ ತೋರಿಸುತ್ತದೆ. ಅಯಾನು ಬಿಡುಗಡೆಯನ್ನು ಡಿಅಯಾನೀಕೃತ ನೀರಿನಲ್ಲೂ ಪ್ರತ್ಯೇಕವಾಗಿ ನೋಡಿ.

ಅಪಟೈಟ್ ಪರೀಕ್ಷೆಗೆ 37 ಡಿಗ್ರಿಯ 50 ಮಿ.ಲೀ. ದೇಹದ್ರವದಲ್ಲಿ 75 ಮಿ.ಗ್ರಾಂ ಪುಡಿ. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಲೋಹವಿಲ್ಲದ ಗಾಜನ್ನೂ ಅಷ್ಟೇ ತೂಕದಲ್ಲಿ, ಅದೇ ಜರಡಿ ಗಾತ್ರದಲ್ಲಿ ಪಕ್ಕಕ್ಕಿಟ್ಟು ಎರಡರ ಪಿಎಚ್ ಬರೆದುಕೊಳ್ಳಿ. ಕ್ಯಾಲ್ಸಿಯಂ ಬಿಡುವ ಗಾಜು ಬರೀ ಪಿಎಚ್ ಏರಿಸಿಯೂ ಬ್ಯಾಕ್ಟೀರಿಯಾ ಕೊಲ್ಲಬಲ್ಲದು.