ಡೆನ್ಮಾರ್ಕ್‌ನ ಪಶ್ಚಿಮ ಕರಾವಳಿಯಲ್ಲಿ ಒಂದು ವಾರ (ಬೆಡ್‌ಶೀಟ್ ಮರೆಯಬೇಡಿ)

ಡೆನ್ಮಾರ್ಕ್ ಅಂದರೆ ಎಲ್ಲರೂ ಕೋಪನ್‌ಹೇಗನ್ ಅಂತಾರೆ. ನಾವೂ ಎರಡು ದಿನ ಅಲ್ಲಿದ್ದೆವು, ನ್ಯೂಹಾವ್ನ್‌ನ ಬಣ್ಣದ ಮನೆಗಳ ಮುಂದೆ ಫೋಟೊ ತೆಗೆದುಕೊಂಡೆವು, ಚೆನ್ನಾಗಿತ್ತು, ಅಷ್ಟೇ. ಆಮೇಲೆ ಕಾರು ಬಾಡಿಗೆಗೆ ತಗೊಂಡು ದೇಶದ ಆ ತುದಿಗೆ, ಉತ್ತರ ಸಮುದ್ರದ ದಡದ ಬ್ಲೋವಾನ್‌ಗೆ ಹೋಗಿ ಒಂದು ವಾರ ಇದ್ದೆವು. ಈ ರಿವ್ಯೂ ಆ ವಾರದ್ದು.

ಆ ತುದಿ ಅಂದರೆ ಬಹಳ ದೂರ ಅಂದುಕೊಳ್ಳಬೇಡಿ. ಮೂರೂವರೆ ಗಂಟೆ ದಾರಿ. ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋಗುವಷ್ಟು ಹೊತ್ತೂ ಬೇಡ. ನಡುವೆ ಸಮುದ್ರದ ಮೇಲೆ 18 ಕಿ.ಮೀ. ಉದ್ದದ ಸ್ಟೋರೆಬೆಲ್ಟ್ ಸೇತುವೆ ಸಿಗುತ್ತದೆ. 1998ರ ತನಕ ಇಲ್ಲಿ ಕಾರುಗಳನ್ನು ಫೆರಿಗೆ ಹತ್ತಿಸಿ ದಾಟಿಸುತ್ತಿದ್ದರು. ಈಗ ಗಾಡಿ ನಿಲ್ಲಿಸದೆ ಹೋಗಬಹುದು, ಆದರೆ ಟೋಲ್ ನೋಡಿ ಎದೆ ಧಸಕ್ ಅಂತು. ಒಂದು ಕ್ರೋನ್ ಅಂದರೆ ಹನ್ನೆರಡು ರೂಪಾಯಿಗೂ ಜಾಸ್ತಿ. ಮೊದಲ ದಿನವೇ ಮನಸ್ಸಲ್ಲಿ ಗುಣಿಸೋದು ನಿಲ್ಲಿಸಿಬಿಡಿ, ಇಲ್ಲದಿದ್ದರೆ ಕಾಫಿ ಗಂಟಲಲ್ಲಿ ಇಳಿಯಲ್ಲ.

ಉಳಿದುಕೊಂಡಿದ್ದು ಸಮ್ಮರ್ ಹೌಸ್‌ನಲ್ಲಿ. ಮರಳು ದಿಬ್ಬದ ಹಿಂದೆ ಹುಲ್ಲಿನ ಚಾವಣಿಯ ಮನೆ, ಕಿಟಕಿ ತೆಗೆದರೆ ಸಮುದ್ರದ ಸದ್ದು. ಮನೆಗೆ ಪೂರ್ತಿ ಅಂಕ. ಬುಕಿಂಗ್ ಮಾಡಿಕೊಟ್ಟ ಕಂಪನಿಗೆ ಮಾತ್ರ ಕೊಡಲ್ಲ. ರಾತ್ರಿ ಒಂಬತ್ತಕ್ಕೆ ತಲುಪಿ ನೋಡಿದರೆ ಹಾಸಿಗೆ ಮೇಲೆ ಬೆಡ್‌ಶೀಟ್ ಇಲ್ಲ, ಬಾತ್‌ರೂಮಲ್ಲಿ ಟವೆಲ್ ಇಲ್ಲ. ಫೋನ್ ಮಾಡಿದರೆ "ಅದನ್ನು ನೀವೇ ತರಬೇಕು ಅಥವಾ ಮೊದಲೇ ದುಡ್ಡು ಕಟ್ಟಿ ತರಿಸಿಕೊಳ್ಳಬೇಕು" ಅಂದರು. ಇಲ್ಲಿ ಇದೇ ಪದ್ಧತಿಯಂತೆ. ಸರಿ, ಆದರೆ ಇಂಗ್ಲಿಷ್ ಪೇಜಿನಲ್ಲಿ ಇದನ್ನು ಎಲ್ಲೋ ಮೂಲೆಯಲ್ಲಿ ಬರೆದರೆ ಯಾರಿಗೆ ಕಾಣುತ್ತೆ? ಆ ರಾತ್ರಿ ಹೆಂಡತಿಯ ಎರಡು ರೇಷ್ಮೆ ಸೀರೆ ಹಾಸಿಕೊಂಡು ಮಲಗಿದೆವು. ನೆಂಟರ ಮನೆ ಮದುವೆಗೆಂದು ತಂದಿದ್ದ ಸೀರೆಗಳು. ಇನ್ನೊಂದು ವಿಷಯ, ಕರೆಂಟು ಬಾಡಿಗೆಯಲ್ಲಿ ಸೇರಿರಲ್ಲ. ಬಂದ ದಿನ ಮೀಟರ್ ಓದಬೇಕು, ಹೊರಡುವ ದಿನ ಮತ್ತೆ ಓದಬೇಕು, ಖರ್ಚಾದಷ್ಟಕ್ಕೆ ಬಿಲ್. ಬೇಸಿಗೆಯಲ್ಲಿ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೇ ಬಾಡಿಗೆಗೆ ಕೊಡುತ್ತಾರೆ. ವಿಮಾನದ ಟಿಕೆಟ್ ಮಾಡುವಾಗ ನೆನಪಿರಲಿ.

ಬೀಚ್ ಬಹಳ ಅಗಲ. ಗಾಳಿಯೂ ಜೋರು. ಜೂನ್‌ನಲ್ಲೂ ನೀರಿಗೆ ಕಾಲಿಟ್ಟವರು ಕಿರುಚಿಕೊಂಡು ಹೊರಗೆ ಓಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಕಟ್ಟಿದ ಕಾಂಕ್ರೀಟ್ ಬಂಕರ್‌ಗಳು ಇನ್ನೂ ಮರಳಲ್ಲಿ ವಾಲಿಕೊಂಡು ಬಿದ್ದಿವೆ. 1995ರಲ್ಲಿ ಬಿಲ್ ವುಡ್ರೋ ಎಂಬ ಇಂಗ್ಲಿಷ್ ಶಿಲ್ಪಿ ಅವುಗಳಲ್ಲಿ ಕೆಲವಕ್ಕೆ ಕಬ್ಬಿಣದ ತಲೆ, ಬಾಲ ಕೂರಿಸಿ ಹೇಸರಗತ್ತೆ ಮಾಡಿದ್ದಾರೆ. ಹೇಸರಗತ್ತೆಗೆ ಮರಿ ಆಗಲ್ಲ, ಯುದ್ಧವೂ ಮರಿ ಹಾಕದಿರಲಿ ಅಂತ ಅದರ ಅರ್ಥವಂತೆ. ಮಗಳಿಗೆ ಅದೇನೂ ಬೇಕಿರಲಿಲ್ಲ. ಒಂದರ ಬೆನ್ನು ಹತ್ತಿ ಕೂತವಳು ಕೆಳಗಿಳಿಯಲು ಅರ್ಧ ಗಂಟೆ ತಗೊಂಡಳು.

ಇನ್ನು ರೀಬೆ. ಬ್ಲೋವಾನ್‌ನಿಂದ ಸುಮಾರು ಒಂದು ಗಂಟೆ. ಇಡೀ ಪ್ರವಾಸದ ದುಡ್ಡು ವಸೂಲಾಗಿದ್ದು ಇಲ್ಲೇ, ಅದೂ ಒಂದು ಪೈಸೆ ಖರ್ಚಿಲ್ಲದ ಕಾರ್ಯಕ್ರಮದಿಂದ. ಡೆನ್ಮಾರ್ಕ್‌ನ ಅತಿ ಹಳೆಯ ಪಟ್ಟಣ ಇದು, ಎಂಟನೇ ಶತಮಾನದ ಶುರುವಿನದ್ದು. ಬೇಸಿಗೆಯ ರಾತ್ರಿಗಳಲ್ಲಿ ಚೌಕದ ವೈಸ್ ಸ್ಟುವೆ ಎಂಬ ಹಳೇ ಹೋಟೆಲಿನ ಮುಂದೆ ಕಾವಲುಗಾರ ಬಂದು ನಿಲ್ಲುತ್ತಾನೆ. ಉದ್ದ ಕೋಟು, ಕೈಯಲ್ಲಿ ಲಾಟೀನು, ಇನ್ನೊಂದು ಕೈಯಲ್ಲಿ ತುದಿಗೆ ಮುಳ್ಳಿನ ಗುಂಡಿರುವ ಕೋಲು. ಅವನ ಹಿಂದೆ ಹೋಗುವುದಷ್ಟೇ ನಮ್ಮ ಕೆಲಸ. ಬಾಗಿದ ಗೋಡೆಗಳ ಓಣಿಯಲ್ಲಿ ನಿಂತು ಹಳೇ ಕಾವಲುಗಾರರ ಹಾಡು ಹೇಳುತ್ತಾನೆ, ಡ್ಯಾನಿಶ್‌ನಲ್ಲೂ ಇಂಗ್ಲಿಷ್‌ನಲ್ಲೂ ಕಥೆ ಹೇಳುತ್ತಾನೆ. 1580ರಲ್ಲಿ ಊರು ಸುಟ್ಟ ಬೆಂಕಿ. ಮಾಟಗಾತಿ ಅಂತ 1641ರಲ್ಲಿ ಸುಟ್ಟು ಕೊಂದ ಮಾರೆನ್ ಸ್ಪ್ಲೀಡ್, ದರ್ಜಿಯೊಬ್ಬನ ಹೆಂಡತಿ. ಹಳೇ ಬಂದರಿನ ಹತ್ತಿರ ಒಂದು ಮರದ ಕಂಬ ಇದೆ, ಬಿರುಗಾಳಿ ಬಂದಾಗಲೆಲ್ಲ ಸಮುದ್ರ ಎಲ್ಲಿವರೆಗೆ ಏರಿತ್ತು ಅಂತ ಅದರ ಮೇಲೆ ಗುರುತು ಮಾಡಿದ್ದಾರೆ. ಎಲ್ಲಕ್ಕಿಂತ ಮೇಲಿನದು 1634ರದ್ದು. ಕತ್ತೆತ್ತಿ ನೋಡಬೇಕು. ಆ ರಾತ್ರಿ ಎತ್ತರದಲ್ಲಿರುವ ಕೆಥೆಡ್ರಲ್ ಒಳಗೂ ನೀರು ನುಗ್ಗಿತ್ತಂತೆ.

ತಮಾಷೆ ಏನು ಗೊತ್ತಾ? ನಾವು ಹೋದದ್ದು ರಾತ್ರಿ ಹತ್ತು ಗಂಟೆಯ ಸುತ್ತಾಟಕ್ಕೆ, ಆಗಲೂ ಬೆಳಕಿತ್ತು. ಜೂನ್ ಅಲ್ವಾ. ಆಕಾಶ ಇನ್ನೂ ತಿಳಿನೀಲಿ, ಅವನು ಪಾಪ ಗಂಭೀರವಾಗಿ ಲಾಟೀನು ಎತ್ತಿ ಹಿಡಿದಿದ್ದಾನೆ, ಆ ಲಾಟೀನು ಉರಿಯುತ್ತಿದೆಯೋ ಇಲ್ಲವೋ ಅಂತಲೇ ನಮಗೆ ಕಾಣಿಸುತ್ತಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಲ್ಲ. ಸಸ್ಯಾಹಾರಿಗಳಿಗೆ ಸಣ್ಣ ಊರುಗಳಲ್ಲಿ ಕಷ್ಟವೇ. ನಾವು ಅಂಗಡಿಯಿಂದ ರುಗ್‌ಬ್ರೋಡ್ ತಂದೆವು, ರೈ ಹಿಟ್ಟಿನ ಕಪ್ಪು ಬ್ರೆಡ್, ಇಟ್ಟಿಗೆಯಷ್ಟು ಭಾರ, ಸ್ವಲ್ಪ ಹುಳಿ. ದಪ್ಪಗೆ ಬೆಣ್ಣೆ ಸವರಿ ಮೇಲೆ ಅಮ್ಮನ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿನ್ನಿ, ನೋಡಿ. ಖಾಲಿ ಬಾಟಲಿ ಎಸೆಯಬೇಡಿ. ಸೂಪರ್‌ಮಾರ್ಕೆಟ್‌ನ ಮೆಷಿನ್ನಿಗೆ ಹಾಕಿದರೆ ಒಂದರಿಂದ ಮೂರು ಕ್ರೋನ್ ವಾಪಸ್ ಬರುತ್ತದೆ. ಮಗಳ ಐಸ್‌ಕ್ರೀಮ್ ಖರ್ಚಲ್ಲಿ ಒಂದಿಷ್ಟು ಹಾಗೇ ಹುಟ್ಟಿತು.

ಒಂದು ದಿನ ಎಸ್ಬಿಯರ್ ಬಂದರಿನಿಂದ ಫೆರಿ ಹತ್ತಿ ಫಾನೊ ದ್ವೀಪಕ್ಕೂ ಹೋಗಿಬಂದೆವು, ಹನ್ನೆರಡೇ ನಿಮಿಷ. ಅಲ್ಲಿ ಬೀಚಿನ ಮೇಲೇ ಕಾರು ಓಡಿಸಬಹುದು.

ಒಟ್ಟಾರೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ ಬೆಡ್‌ಶೀಟಿನದ್ದು. ರೀಬೆಯ ಕಾವಲುಗಾರ ಸೆಪ್ಟೆಂಬರ್‌ನಲ್ಲೂ ಸುತ್ತುತ್ತಾನೆ, ಆಗ ಮನೆ ಬಾಡಿಗೆಯೂ ಇಳಿದಿರುತ್ತದೆ, ಕತ್ತಲೂ ಬೇಗ ಆಗುತ್ತದೆ. ಮತ್ತೆ ಹೋದರೆ ಆಗಲೇ. ಆ ಲಾಟೀನು ಉರಿಯುವುದನ್ನು ಸರಿಯಾಗಿ ನೋಡಬೇಕು.