‘ಬಾಕಿ ಹಣ ಪ್ರಸಾರದ ನಂತರ’ ಅಂತಿದ್ದರೆ ಸಹಿ ಹಾಕಬೇಡಿ

ಟೀವಿಗೆ ಡಾಕ್ಯುಮೆಂಟರಿ ಮಾಡಿಕೊಡುವ ಸಣ್ಣ ಸಂಸ್ಥೆಯವರು, ಅದರಲ್ಲೂ ಈಗಷ್ಟೇ ಕ್ಯಾಮೆರಾ ಕೊಂಡು ಪ್ರೊಡಕ್ಷನ್ ಹೌಸ್ ಅಂತ ಬೋರ್ಡ್ ಹಾಕಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಬೆಂಗಳೂರಿನಲ್ಲಿ ಮೂವರು ಸೇರಿ ನಡೆಸುವ ಸಂಸ್ಥೆ. ಒಂದು ಖಾಸಗಿ ವಾಹಿನಿಗೆ ತೊಗಲು ಗೊಂಬೆಯಾಟದ ಬಗ್ಗೆ ನಾಲ್ಕು ಕಂತಿನ ಸಾಕ್ಷ್ಯಚಿತ್ರ ಮಾಡಿಕೊಟ್ಟೆವು. ಮಾಸ್ಟರ್, ಅಂದರೆ ಪ್ರಸಾರಕ್ಕೆ ಸಿದ್ಧವಾದ ಅಂತಿಮ ಪ್ರತಿ, ಅವರ ಕೈ ಸೇರಿದೆ, ರಾ ಫುಟೇಜ್ (ಎಡಿಟ್ ಮಾಡದ ಮೂಲ ಚಿತ್ರಿಕೆ) ತುಂಬಿದ ಹಾರ್ಡ್ ಡಿಸ್ಕ್‌ಗಳೂ ಸೇರಿವೆ. ಒಪ್ಪಿಕೊಂಡ ಹಣದಲ್ಲಿ ಶೇ 40 ಇವತ್ತಿಗೂ ಬಂದಿಲ್ಲ. ಅಗ್ರಿಮೆಂಟ್ ತೆಗೆದು ನೋಡಿದರೆ ಅವರದು ಎಲ್ಲೂ ತಪ್ಪಿಲ್ಲ! ವಿಚಾರಣೆ ನಡೆಯುತ್ತಿರುವುದರಿಂದ ವಾಹಿನಿಯ ಹೆಸರು ಹಾಕುತ್ತಿಲ್ಲ. ಹೆಸರಿನಿಂದ ನಿಮಗೆ ಉಪಯೋಗವೂ ಇಲ್ಲ, ಏಕೆಂದರೆ ಇಂಥದೇ ಸಾಲುಗಳನ್ನು ಬೇರೆಯವರ ಅಗ್ರಿಮೆಂಟುಗಳಲ್ಲೂ ಆಮೇಲೆ ನೋಡಿದೆ.

ಹಣದ ಪುಟದಲ್ಲಿ ಹೀಗಿತ್ತು: ಸಹಿಯಾದಾಗ ಶೇ 20, ಶೂಟಿಂಗ್ ಮುಗಿದಾಗ ಶೇ 20, ರಫ್ ಕಟ್ (ಮೊದಲ ಕರಡು ಎಡಿಟ್) ಒಪ್ಪಿದಾಗ ಶೇ 20, ಉಳಿದ ಶೇ 40 ಮೊದಲ ಪ್ರಸಾರವಾದ 60 ದಿನದೊಳಗೆ. ಇಷ್ಟೇ ಓದಿದರೆ ಯಾರಿಗೂ ಅನುಮಾನ ಬರುವುದಿಲ್ಲ. ದುಡ್ಡು ಕೊಟ್ಟು ಮಾಡಿಸಿದ್ದನ್ನು ಯಾವ ವಾಹಿನಿ ತಾನೇ ಹಾಕದೆ ಬಿಡುತ್ತದೆ? ಆದರೆ ಹಿಂದಿನ ಪುಟಗಳಲ್ಲಿ, ‘ಸಾಮಾನ್ಯ ಷರತ್ತುಗಳು’ ಎಂಬ ಸಣ್ಣಕ್ಷರದ ಭಾಗದಲ್ಲಿ ಇನ್ನೊಂದು ಸಾಲಿತ್ತು: ಪ್ರಸಾರದ ದಿನ, ಸಮಯ, ಪ್ರಸಾರ ಮಾಡಬೇಕೋ ಬೇಡವೋ ಎಂಬುದೆಲ್ಲ ವಾಹಿನಿಯ ಇಷ್ಟಕ್ಕೆ ಬಿಟ್ಟದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಹಣ ಪ್ರಸಾರಕ್ಕೆ ಕಟ್ಟಿದೆ, ಪ್ರಸಾರ ಅವರ ಮರ್ಜಿಗೆ ಕಟ್ಟಿದೆ. ಅಂದರೆ ಬಾಕಿ ಕೊಡುವುದೂ ಬಿಡುವುದೂ ಅವರ ಮರ್ಜಿ. ತಿದ್ದಿ ಅಂತ ಕೇಳಿದ್ದಕ್ಕೆ ‘ಇದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಮೇಡಂ, ಲೀಗಲ್‌ನವರು ಮುಟ್ಟೋಕೆ ಬಿಡಲ್ಲ’ ಎಂಬ ಉತ್ತರ ಬಂತು.

ಹೊರಗಿನವರು ಈ ಶೇ 40ನ್ನು ನಮ್ಮ ಲಾಭ ಅಂದುಕೊಳ್ಳುತ್ತಾರೆ. ಲಾಭ ಅಲ್ಲ, ಅದು ಆಗಲೇ ಖರ್ಚಾಗಿ ಹೋದ ಹಣ. ಅರ್ಧ ಗಂಟೆಯ ಸ್ಲಾಟ್ ಅಂದರೆ ಜಾಹೀರಾತು ಬಿಟ್ಟು 22ರಿಂದ 24 ನಿಮಿಷದ ಚಿತ್ರ. ಅಂಥ ನಾಲ್ಕು ಕಂತಿಗೆ ಕ್ಯಾಮೆರಾದವರು, ಸೌಂಡಿನವರು, ಎಡಿಟರ್, ಕಲರಿಸ್ಟ್, ಗಾಡಿ, ಕೊಪ್ಪಳದ ಲಾಡ್ಜು, ಕಲಾವಿದರ ಸಂಭಾವನೆ, ಎಲ್ಲವೂ ರೊಕ್ಕ ಎಣಿಸಿ ಕೊಡುವ ಬಾಬ್ತು. ಇವರಲ್ಲಿ ಯಾರಿಗೂ ‘ಪ್ರಸಾರವಾದ ಮೇಲೆ ಕೊಡ್ತೀವಿ’ ಅನ್ನಲು ಬರುವುದಿಲ್ಲ, ಅನ್ನಲೂ ಬಾರದು.

ಶೂಟಿಂಗ್ ಮಾಡಿದ್ದು 2023ರಲ್ಲಿ, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ. ಮಳೆ ಕೈಕೊಟ್ಟಾಗ ಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ ಕೊಪ್ಪಳದ ಕಡೆ ಇನ್ನೂ ಇದೆ. ಹಾಗಾಗಿ ಆಟ ಸಿಕ್ಕಿತು, ಅದೂ ಕ್ಯಾಮೆರಾಕ್ಕಾಗಿ ಆಡಿದ್ದಲ್ಲ, ಊರವರು ಕರೆಸಿ ಆಡಿಸಿದ್ದು. ಗೊಂಬೆಯಾಟವನ್ನೇ ಕಸುಬಾಗಿಸಿಕೊಂಡ ಶಿಳ್ಳೆಕ್ಯಾತ ಸಮುದಾಯದ ಒಂದು ಕುಟುಂಬವನ್ನು ನಾವು ಹಿಂಬಾಲಿಸಿದ್ದೆವು, ಅವರ ಬಳಿ ಅಜ್ಜನ ಕಾಲದ ಬಂಗಾರಕ್ಕನ (ಆಟದ ಹಾಸ್ಯಪಾತ್ರ) ಗೊಂಬೆಯೊಂದಿತ್ತು. ತೋಳಿನ ಹತ್ತಿರ ಚರ್ಮ ಹರಿದು, ಬೇರೆ ಬಣ್ಣದ ತುಂಡು ಇಟ್ಟು ಹೊಲಿದಿದ್ದರು. ಪರದೆಯ ಹಿಂದೆ ಬೆಳಕು ಹೊತ್ತಿದಾಗ ಆ ತೇಪೆ ಮಾತ್ರ ಕೆಂಪಗೆ ಎದ್ದು ಕಾಣುತ್ತಿತ್ತು. ಎರಡನೇ ಕಂತು ಶುರುವಾಗುವುದೇ ಅದರಿಂದ.

ಮಾಸ್ಟರ್ ಕೊಟ್ಟ ಮೇಲೆ ಕ್ಯೂಸಿ, ಅಂದರೆ ಗುಣಮಟ್ಟ ಪರಿಶೀಲನೆಯ, ವರದಿಗಳು ಬರತೊಡಗಿದವು. ಮೊದಲನೆಯದು ನ್ಯಾಯವಾಗಿಯೇ ಇತ್ತು. ಧ್ವನಿ ಮೈನಸ್ 23 ಎಲ್‌ಯುಎಫ್‌ಎಸ್ (ಧ್ವನಿಯ ಜೋರು ಅಳೆಯುವ ಮಾನ) ಮಟ್ಟದಲ್ಲಿರಬೇಕು, ಒಂದು ಕಂತಿನಲ್ಲಿ ಮದ್ದಳೆ ಏರಿದ ಕಡೆ ಹೆಚ್ಚುಕಮ್ಮಿ ಆಗಿದೆ ಎಂದಿದ್ದರು. ಮಿಕ್ಸ್ ಮಾಡಿ ಕಳಿಸಿದೆವು. ಆಮೇಲಿನವು ವಿಚಿತ್ರ. ಎರಡನೇ ಕಂತಿನ ಆರಂಭದ ದೃಶ್ಯದ ಎದುರು ‘ದೃಶ್ಯ ಕತ್ತಲಾಗಿದೆ, ಮರುಚಿತ್ರೀಕರಣ ಪರಿಶೀಲಿಸಿ’ ಅಂತ ಷರಾ. ಅದು ಬಂಗಾರಕ್ಕನ ದೃಶ್ಯ! ಪರದೆಯ ಹಿಂದೊಂದು ದೀಪ, ಸುತ್ತ ಕತ್ತಲು, ಅದಿಲ್ಲದೆ ತೊಗಲು ಗೊಂಬೆ ಕಾಣುವುದಾದರೂ ಹೇಗೆ ಅಂತ ವಿವರಿಸಿ ಮೇಲ್ ಬರೆದೆ. ಮತ್ತೊಂದು ವರದಿಯಲ್ಲಿ ಟೈಟಲ್ ಅಕ್ಷರದ ಗಾತ್ರ. ಇನ್ನೊಂದರಲ್ಲಿ ಲೋಗೋ ಬರುವ ಮೂಲೆಯಲ್ಲಿ ಕಲಾವಿದರ ಕೈ ಅಡ್ಡ ಬಂದಿದೆ ಎಂಬ ದೂರು. ಪ್ರತಿ ವರದಿಗೂ ಎಡಿಟ್ ರೂಮಿನ ಬಾಡಿಗೆ ನಮ್ಮದೇ. ಎಷ್ಟು ಸುತ್ತು ತಿದ್ದುಪಡಿ ಉಚಿತ, ಎಷ್ಟನೇ ಸುತ್ತಿನಿಂದ ದುಡ್ಡು ಎಂಬುದು ಅಗ್ರಿಮೆಂಟಿನಲ್ಲಿ ಇರಲಿಲ್ಲ. ನಿಮ್ಮದರಲ್ಲಿ ಎರಡು ಸುತ್ತಿಗೆ ಗೆರೆ ಎಳೆಸಿ.

ಕೊನೆಗೆ ಕ್ಯೂಸಿ ಮುಗಿಯಿತು ಅನ್ನುವ ಹೊತ್ತಿಗೆ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು ಕೆಲಸ ಬಿಟ್ಟರು. ಹೊಸಬರು ಬಂದು ಭಾನುವಾರದ ಸಾಕ್ಷ್ಯಚಿತ್ರದ ಸ್ಲಾಟನ್ನೇ ತೆಗೆದು ಅಡುಗೆ ಕಾರ್ಯಕ್ರಮ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಟಿಆರ್‌ಪಿ ನೋಡುವುದು ಅವರ ಕೆಲಸ. ಆದರೆ ಬಾಕಿ ಕೇಳಿದಾಗಲೆಲ್ಲ ‘ಸ್ಲಾಟ್ ನೋಡ್ತಿದ್ದೀವಿ’ ಎಂಬ ಒಂದೇ ಮಾತು.

ನಡುವೆ ತೆರಿಗೆಯ ತಾಪತ್ರಯ ಬೇರೆ. ರಫ್ ಕಟ್ ಒಪ್ಪಿದಾಗ ಬರಬೇಕಿದ್ದ ಶೇ 20 ಹಣಕ್ಕೆ ‘ಬಿಲ್ ಕಳಿಸಿ, ಅಕೌಂಟ್ಸ್‌ನಲ್ಲಿ ಹಾಕಿಸ್ತೀವಿ’ ಅಂದರು. ಟ್ಯಾಕ್ಸ್ ಇನ್‌ವಾಯ್ಸ್ ಕಳಿಸಿದೆವು. ಹಣ ಬಂದಿದ್ದು ತಿಂಗಳುಗಟ್ಟಲೆ ತಡವಾಗಿ. ಶೇ 18 ಜಿಎಸ್‌ಟಿಯನ್ನು ಮಾತ್ರ ಮುಂದಿನ ತಿಂಗಳ 20ನೇ ತಾರೀಖಿನೊಳಗೆ ಕೈಯಿಂದ ಕಟ್ಟಿದ್ದು ನಾವು. ಅದಕ್ಕೇ, ಅವರು ಒಪ್ಪಿಗೆಯ ಮೇಲ್ ಕಳಿಸುವ ತನಕ ಪ್ರೊಫಾರ್ಮ (ತೆರಿಗೆ ಲೆಕ್ಕಕ್ಕೆ ಬಾರದ ಕರಡು) ಬಿಲ್ ಸಾಕು. ಇನ್ನು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ: ಪ್ರಸಾರಕ್ಕಾಗಿ ಕಾರ್ಯಕ್ರಮ ತಯಾರಿಸುವುದು 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 194ಸಿ (ಗುತ್ತಿಗೆ ಕೆಲಸ) ಕೆಳಗೆ ಬರುತ್ತಿತ್ತು, ಕಂಪನಿಗೆ ಶೇ 2. ಅವರು 194ಜೆ (ವೃತ್ತಿಪರ ಶುಲ್ಕ) ಅಂತ ಶೇ 10 ಹಿಡಿದರು. ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಅಷ್ಟು ದಿನ ಡ್ರೈವರಿಗೆ ಕೊಡುವ ದುಡ್ಡು ಎಲ್ಲಿಂದ ತರುವುದು?

2025ರ ಜನವರಿ 25ರಂದು ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ಕೊಪ್ಪಳ ಜಿಲ್ಲೆಯ ಮೊರನಾಳದ ಹಿರಿಯ ತೊಗಲು ಗೊಂಬೆಯಾಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ ಪದ್ಮಶ್ರೀ. ಇಡೀ ಕ್ಷೇತ್ರಕ್ಕೇ ಸಂತೋಷದ ದಿನ. ಈಗಲಾದರೂ ನಮ್ಮ ಸರಣಿ ಹಾಕುತ್ತಾರೆ ಅಂತ ಆ ರಾತ್ರಿಯೇ ಮೇಲ್ ಬರೆದೆ. ಉತ್ತರ ಬರುವ ಮೊದಲು ನಾವು ಚಿತ್ರಿಸಿದ ಕುಟುಂಬದ ಹುಡುಗನ ಫೋನ್ ಬಂತು. ‘ಅಕ್ಕಾರ, ನಮ್ಮ ಬಂಗಾರಕ್ಕ ಟೀವ್ಯಾಗ ಬಂದಾಳ ನೋಡ್ರಿ! ನ್ಯೂಸಿನ್ಯಾಗ. ಪೂರಾ ಪಿಚ್ಚರ್ ಯಾವಾಗ ಬಿಡ್ತಾರ್ರಿ?’ ವಾಹಿನಿಯ ಸುದ್ದಿ ವಿಭಾಗದವರು ನಮ್ಮ ರಾ ಫುಟೇಜಿನಿಂದ ತುಣುಕು ಕತ್ತರಿಸಿ ಬುಲೆಟಿನ್‌ಗೆ ಹಾಕಿಕೊಂಡಿದ್ದರು. ನಮ್ಮ ಹೆಸರಿಲ್ಲ, ಆ ಕುಟುಂಬದ ಹೆಸರೂ ಇಲ್ಲ. ಕತ್ತಲು ಅಂತ ತಿರಸ್ಕರಿಸಿದ್ದ ಅದೇ ಶಾಟ್, ಆ ತೇಪೆಯ ಸಮೇತ.

ಇದು ‘ಮೊದಲ ಪ್ರಸಾರ’ ಅಲ್ಲವೇ, ಬಾಕಿ ಕೊಡಿ ಎಂದೆವು. ಅಲ್ಲವಂತೆ. ‘ಕಾರ್ಯಕ್ರಮ’ದ ಪ್ರಸಾರ ಬೇರೆ, ‘ಸಾಮಗ್ರಿ’ಯ ಬಳಕೆ ಬೇರೆ ಅಂತ ಅವರ ವಕೀಲರ ಪತ್ರ ಬಂತು.

ಹಕ್ಕುಗಳ ವಿಷಯ ಇಲ್ಲಿಗೆ ಬರುತ್ತದೆ, ಇದನ್ನು ಮಾತ್ರ ನಿಧಾನಕ್ಕೆ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಒಬ್ಬರು ಹೇಳಿ ಮಾಡಿಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಮಾಲೀಕರು. ಅಂದರೆ ನೀವು ಸುಮ್ಮನಿದ್ದರೆ ಹಕ್ಕು ಅವರದು. ಹಕ್ಕನ್ನು ಬರೆದುಕೊಡುವ ಒಪ್ಪಂದವಾದರೆ, 19ನೇ ಸೆಕ್ಷನ್ನಿನ 4ನೇ ಉಪವಿಧಿ ನಿಮ್ಮ ಪರವಾಗಿದೆ. ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಇದು ವಾಹಿನಿಗಳ ವಕೀಲರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ‘19(4) ಅನ್ವಯಿಸತಕ್ಕದ್ದಲ್ಲ’ ಎಂಬ ಒಂದು ಗೆರೆ ಎಲ್ಲೋ ಮಧ್ಯದಲ್ಲಿ ಕೂತಿರುತ್ತದೆ. ಆ ಗೆರೆ ಹುಡುಕಿ. ಹೊಡೆದು ಹಾಕಿಸಿ. ರಾ ಫುಟೇಜ್ ಕೊಡಬೇಕಿದ್ದರೆ, ಈ ಕಾರ್ಯಕ್ರಮ ಬಿಟ್ಟು ಬೇರೆಡೆ ಬಳಸಿದರೆ ನಿಮಿಷಕ್ಕೆ ಇಷ್ಟು ಅಂತ ದರ ಬರೆಸಿ.

ನಾವೀಗ ಹಿಡಿದಿರುವ ದಾರಿ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ. ಉದ್ಯಮ್ ನೋಂದಣಿ ಇರುವ ಸಣ್ಣ ಸಂಸ್ಥೆಗೆ ಕೊಡಬೇಕಾದ ಹಣವನ್ನು, ಅಗ್ರಿಮೆಂಟಿನಲ್ಲಿ ಏನೇ ಬರೆದಿದ್ದರೂ, ಸ್ವೀಕಾರವಾದ ದಿನದಿಂದ 45 ದಿನ ದಾಟಿಸುವಂತಿಲ್ಲ. ಕೊಟ್ಟ 15 ದಿನದಲ್ಲಿ ಲಿಖಿತ ಆಕ್ಷೇಪ ಬರದಿದ್ದರೆ ಸ್ವೀಕರಿಸಿದಂತೆಯೇ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿದರೆ, ಇಂಥ ಬಾಕಿಯ ಜಗಳ ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಕೌನ್ಸಿಲ್ ತೀರ್ಪು ನಮ್ಮ ಪರ ಬಂದರೆ, ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಲು ಅವರು ಮೊದಲು ಶೇ 75 ಹಣ ಠೇವಣಿ ಇಡಬೇಕು. ಕೊನೆಯ ಮಾಸ್ಟರ್ ಕಳಿಸಿದ ಮೇಲೆ ಅವರಿಂದ ಒಂದು ಮೇಲೂ ಇಲ್ಲ ಎಂಬುದೇ ನಮ್ಮ ವಾದದ ಬುಡ. ಆದ್ದರಿಂದ ಮಾಸ್ಟರ್ ಕೊಡುವಾಗ ಯಾವ ಫೈಲ್, ಯಾವ ದಿನ, ಯಾರ ಕೈಗೆ ಎಂಬುದು ಮೇಲ್‌ನಲ್ಲೇ ಇರಲಿ, ವಾಟ್ಸ್ಆ್ಯಪ್ ಮಾತು ಸಾಲದು. ಉದ್ಯಮ್ ನೋಂದಣಿಯನ್ನು ಅಗ್ರಿಮೆಂಟಿಗೆ ಮೊದಲೇ ಮಾಡಿಸಿ. ನಂತರ ಮಾಡಿಸಿದರೆ ಅನ್ವಯಿಸುತ್ತದೋ ಇಲ್ಲವೋ ಎಂಬ ಜಗಳವೇ ಬೇರೆ ಎದ್ದೇಳುತ್ತದೆ.

2024ರ ಏಪ್ರಿಲ್‌ನಿಂದ ಇನ್ನೊಂದು ಅಸ್ತ್ರ ಸಿಕ್ಕಿತು. ಸಣ್ಣ ಸಂಸ್ಥೆಗೆ ಕಾಯ್ದೆಯ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವ ತನಕ ಅದನ್ನು ಖರ್ಚು ಅಂತ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 43ಬಿ(ಎಚ್) ಸೆಕ್ಷನ್ ಆಗಿತ್ತು. ಮಾರ್ಚ್ ತಿಂಗಳಲ್ಲಿ ಈ ನಿಯಮದ ಹೆಸರು ಹಾಕಿ ಕಾರ್ಯಕ್ರಮ ವಿಭಾಗಕ್ಕಲ್ಲ, ಅಕೌಂಟ್ಸ್‌ಗೆ ಮೇಲ್ ಬರೆಯಿರಿ. ವರ್ಷವಿಡೀ ಫೋನ್ ಎತ್ತದವರು ಆಗ ತಾವೇ ಮಾಡುತ್ತಾರೆ. ನಮಗೂ ಮಾಡಿದರು, ‘ಅರ್ಧಕ್ಕೆ ಸೆಟ್ಲ್ ಮಾಡ್ಕೊಳ್ಳಿ’ ಅಂತ. ಒಪ್ಪಲಿಲ್ಲ.

‘ಫಾರ್ಮ್ಯಾಟ್ ಬದಲಾಗಲ್ಲ’ ಅನ್ನುವುದು ಸುಳ್ಳು. ಅದೇ ವಾಹಿನಿಯ ಜೊತೆ ನಮ್ಮ ಪರಿಚಯದವರೊಬ್ಬರು ಆ ಸಾಲನ್ನು ‘ಮಾಸ್ಟರ್ ಒಪ್ಪಿಸಿದ 45 ದಿನ ಅಥವಾ ಮೊದಲ ಪ್ರಸಾರ, ಯಾವುದು ಮೊದಲೋ ಅದು’ ಅಂತ ತಿದ್ದಿಸಿಕೊಂಡಿದ್ದಾರೆ. ಕಲಾವಿದರಿಗೆ ಒಂದು ಪ್ರತಿ ಕೊಡುವ ಹಕ್ಕನ್ನೂ, ಚಿತ್ರೋತ್ಸವಗಳಲ್ಲಿ ತೋರಿಸುವ ಹಕ್ಕನ್ನೂ ಉಳಿಸಿಕೊಂಡಿದ್ದಾರೆ. ನಮಗೆ ಇವತ್ತು ಆ ಹುಡುಗನಿಗೆ ಒಂದು ಪೆನ್ ಡ್ರೈವ್ ಕೊಡಲೂ ವಾಹಿನಿಯ ಲಿಖಿತ ಅನುಮತಿ ಬೇಕು. ಅರ್ಜಿ ಹಾಕಿದ್ದೇವೆ, ‘ಪರಿಶೀಲನೆಯಲ್ಲಿದೆ’ ಅಂತ ತೋರಿಸುತ್ತಿದೆ.

ಸಹಿ ಹಾಕುವ ಹಂತದಲ್ಲಿರುವವರು ಯಾರಾದರೂ ಇದ್ದರೆ, ತಿದ್ದಿಸಿಕೊಂಡ ಆ ಸಾಲುಗಳ ಇಂಗ್ಲಿಷ್ ಒಕ್ಕಣೆ ನನ್ನ ಬಳಿ ಇದೆ. ಕೇಳಿ, ಕಳಿಸುತ್ತೇನೆ.