ಮೂರೇ ದಿನಕ್ಕೆ ಮಾಯವಾದ ಮಚ್ಚೆ

ಧನುರ್ಮಾಸದ ಒಂದು ಬೆಳಿಗ್ಗೆ ಮುಖ ತೊಳೆದು ಒರೆಸಿಕೊಳ್ಳುವಾಗ ಎಡಗೆನ್ನೆಯಲ್ಲಿ, ದವಡೆಗೆ ತುಸು ಮೇಲೆ, ಟವೆಲ್ ತಗಲಿ ಚುರುಕ್ಕೆಂದಿತು. ಕನ್ನಡಿಯಲ್ಲಿ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಒಣಗಿ ಕೆಂಪಾಗಿ, ಮೇಲೆ ಸಣ್ಣಗೆ ಹೊಟ್ಟು ಎದ್ದಿತ್ತು. ಚಿತ್ರದುರ್ಗದ ಚಳಿಗಾಲದ ಗಾಳಿ ಕಂಡವರಿಗೆ ಇದೇನು ದೊಡ್ಡ ವಿಷಯವಲ್ಲ. ತುಟಿ, ಹಿಮ್ಮಡಿ, ಮೊಣಕೈ ಎಲ್ಲವೂ ಒಡೆಯುವ ಕಾಲ. ಕೊಬ್ಬರಿ ಎಣ್ಣೆ ಸವರಿಕೊಂಡು ಶಾಲೆಗೆ ಹೊರಟೆ.

ವಾರ ಕಳೆಯುವಷ್ಟರಲ್ಲಿ ತುರಿಕೆ ಶುರುವಾಯಿತು. ಒಲೆಯ ಮುಂದೆ ನಿಂತು ಬೆವರಿದರೆ ಇನ್ನೂ ಜಾಸ್ತಿ. ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ರಾತ್ರಿ ಜೇಡ ಹರಿದಿರಬೇಕು ಕಣಮ್ಮಾ" ಎಂದವರೇ ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿದರು. ಎದುರು ಮನೆಯವರು ನಿಂಬೆಹೋಳು ಉಜ್ಜಲು ಹೇಳಿದರು. ಉಜ್ಜಿದೆ. ಆ ಉರಿಯ ಬಗ್ಗೆ ಬರೆಯದಿರುವುದೇ ಮೇಲು. ಮಚ್ಚೆ ಈಗ ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿತ್ತು. ನಡುಭಾಗ ಹೆಚ್ಚುಕಡಿಮೆ ಮಾಮೂಲಿನಂತೆಯೇ ಇದ್ದು, ಅಂಚು ಮಾತ್ರ ದಾರ ಇಟ್ಟು ಹೊಲಿದಂತೆ ಉಬ್ಬಿತ್ತು. ಆ ಅಂಚನ್ನು ಓದಲು ಬರುವವರ ಹತ್ತಿರ ನಾನು ಆಗಲೇ ಹೋಗಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಹೋದದ್ದು ಬಸ್ ನಿಲ್ದಾಣದ ಬಳಿಯ ಮೆಡಿಕಲ್ ಶಾಪಿಗೆ. ಅಂಗಡಿಯವರು ವರ್ಷಗಳಿಂದ ಪರಿಚಿತರು, ಅವರ ಮಗಳು ನನ್ನ ವಿದ್ಯಾರ್ಥಿನಿ. ಕೌಂಟರಿನ ಆಚೆಯಿಂದಲೇ ಒಮ್ಮೆ ನೋಡಿ, ಕೈಗೆಟಕುವ ಗೂಡಿನಿಂದ ಒಂದು ಟ್ಯೂಬ್ ತೆಗೆದಿಟ್ಟರು. "ಅಲರ್ಜಿಗೂ ಆಗುತ್ತದೆ, ಫಂಗಸ್‌ಗೂ ಆಗುತ್ತದೆ ಮೇಡಂ. ಏನೇ ಇದ್ದರೂ ಮೂರು ದಿನ." ಬೆಲೆ ನೂರು ರೂಪಾಯಿಯ ಒಳಗೆ. ಚರ್ಮದ ಡಾಕ್ಟರ ಬಳಿ ಅರ್ಧ ದಿನ ರಜೆ ಹಾಕಿ ಕೂರುವುದಕ್ಕಿಂತ ಇದೇ ಸಲೀಸು ಎನ್ನಿಸಿತು.

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ರಾತ್ರಿಯೇ ತುರಿಕೆ ನಿಂತಿತು, ಮೂರನೆಯ ದಿನ ಕೆಂಪು ಮಾಸಿತು. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಸಿಕ್ಕವರಿಗೆಲ್ಲ ಆ ಕ್ರೀಮಿನ ಹೆಸರು ಹೇಳಿ ಬಂದೆ. ಎಳ್ಳುಬೆಲ್ಲದ ಜೊತೆ ಇದನ್ನೂ ಹಂಚಿದೆ ಎಂದು ಈಗ ನಾಚಿಕೆಯಾಗುತ್ತದೆ. ಬೆಂಗಳೂರಿನ ಪೀಜಿಯಲ್ಲಿದ್ದು ಓದುತ್ತಿರುವ ಮಗ ಹಬ್ಬಕ್ಕೆ ಬಂದಿದ್ದ. ತೊಡೆಸಂದಿನಲ್ಲಿ ಸ್ವಲ್ಪ ಕಡಿತ ಎಂದು ಅವರಪ್ಪನ ಕಿವಿಯಲ್ಲಿ ಹೇಳಿದನಂತೆ. ಹೊಸ ಟ್ಯೂಬ್ ಒಂದನ್ನು ನಾನೇ ಅವನ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿ ಕಳುಹಿಸಿದೆ.

ಕ್ರೀಮ್ ನಿಲ್ಲಿಸಿದ ಐದನೆಯ ದಿನಕ್ಕೆ ಮಚ್ಚೆ ಮರಳಿ ಬಂತು. ಮತ್ತೆ ಹಚ್ಚಿದೆ, ಹೋಯಿತು. ಬಿಟ್ಟೆ, ಬಂತು. ಪ್ರತಿ ಸಲವೂ ಮೊದಲಿಗಿಂತ ಅಗಲವಾಗಿ ಬರುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ನಾಲ್ಕನೆಯ ಟ್ಯೂಬ್ ನಡೆದಿತ್ತು. ಅಂಚು ಅಳಿಸಿಹೋಗಿ, ಕೆನ್ನೆಯಿಂದ ಕಿವಿಯವರೆಗೆ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದ ಕೆಂಪು. ನಡುನಡುವೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಪ್ರಾರ್ಥನೆಯ ವೇಳೆ ಬಿಸಿಲಿಗೆ ಐದು ನಿಮಿಷ ನಿಂತರೆ ಆ ಕೆನ್ನೆ ಕೆಂಡ. ಒಂದು ದಿನ ಹುಬ್ಬು ತೀಡುವ ಹುಡುಗಿ, "ಅಕ್ಕಾ, ಈ ಕಡೆ ಮಾತ್ರ ಕೂದಲು ದಟ್ಟವಾಗಿದೆಯಲ್ಲ" ಎಂದಳು. ಹೌದು, ಎಡಗೆನ್ನೆಯಲ್ಲಿ ನವಿರು ಕೂದಲು ಬೆಳೆದಿತ್ತು. ಅಂದು ಹೆದರಿದೆ.

ಚರ್ಮವೈದ್ಯೆ ಮಾತಿಗಿಂತ ಮೊದಲು ಕೈಚಾಚಿ "ಟ್ಯೂಬ್ ತಂದಿದ್ದೀರಾ?" ಎಂದರು. ನನ್ನಂಥವರು ದಿನಕ್ಕೆಷ್ಟು ಮಂದಿ ಬರುತ್ತಾರೋ! ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಕೆನ್ನೆಗೆ ಅಲ್ಲಲ್ಲಿ ತಾಗಿಸಿ, ಗೊತ್ತಾದ ಕಡೆ ಬೆರಳಿಟ್ಟು ತೋರಿಸಲು ಹೇಳಿದರು. ಸ್ಪರ್ಶ ತಿಳಿಯದ ಮಚ್ಚೆ ಕುಷ್ಠದ್ದಿರಬಹುದು, ಅದನ್ನು ತಳ್ಳಿಹಾಕಲು ಈ ಪರೀಕ್ಷೆ. ಆಮೇಲೆ ಮೊಂಡಾದ ಬ್ಲೇಡಿನಿಂದ ಕೆನ್ನೆಯ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಕೆರೆದುಕೊಂಡರು. ನೋವಿಲ್ಲ, ತೆಂಗಿನ ಗರಿ ಸವರಿದ ಹಾಗೆ. ಅದರ ಮೇಲೊಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಸ್ವಲ್ಪ ಹೊತ್ತು ಕಾದು, ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಂತರ ನನ್ನನ್ನೂ ಕರೆದು ತೋರಿಸಿದರು.

ನಾನು ವಿಜ್ಞಾನದ ಶಿಕ್ಷಕಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪ್ರತ್ಯಾಮ್ಲ ಎಂದು ವರ್ಷವರ್ಷವೂ ಮಕ್ಕಳಿಂದ ಹೇಳಿಸುತ್ತೇನೆ. ಶಿಲೀಂಧ್ರದ ಚಿತ್ರವನ್ನು ಬಣ್ಣದ ಚಾಕಿನಲ್ಲಿ ಬಿಡಿಸುತ್ತೇನೆ. ಆ ಶಿಲೀಂಧ್ರವೇ ಗಂಟುಗಂಟಾದ ಎಳೆಗಳಾಗಿ, ಕವಲೊಡೆದು, ನನ್ನ ಕೆನ್ನೆಯ ಚರ್ಮದ ನಡುವೆ ಹೆಣೆದುಕೊಂಡಿತ್ತು. ಗಜಕರ್ಣ, ನಮ್ಮ ಜನ ಹುಳುಕಡ್ಡಿ ಎನ್ನುವುದು ಇದನ್ನೇ. ಮೊದಲ ವಾರದಲ್ಲಿ ನಾನು ಕಂಡ ಆ ಉಬ್ಬಿದ ಅಂಚು ಅದರ ಸಹಿ. ಸಹಿಯನ್ನು ಅಳಿಸಿದ್ದು ಕ್ರೀಮ್.

ಅಳಿಸಿದ್ದು ಹೇಗೆ? ಟ್ಯೂಬಿನ ಹಿಂಬದಿಯ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಒಂದು ಬ್ಯಾಕ್ಟೀರಿಯಾಕ್ಕೆ, ಒಂದು ಶಿಲೀಂಧ್ರಕ್ಕೆ, ಇವುಗಳ ಜೊತೆಗೆ ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್. ಮೈಗೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದ ವರ್ಗಕ್ಕೆ ಸೇರಿದ್ದು ಅದು. ಕೆಂಪು, ತುರಿಕೆ, ಉಬ್ಬು ಎಲ್ಲವೂ ದೇಹ ಶಿಲೀಂಧ್ರದೊಡನೆ ಹೋರಾಡುವಾಗಿನ ಗದ್ದಲ. ಸ್ಟೀರಾಯ್ಡ್ ಆ ಗದ್ದಲವನ್ನು ಅಡಗಿಸುತ್ತದೆ. ನಾಯಿಯ ಬಾಯಿ ಕಟ್ಟಿದರೆ ಬೊಗಳುವುದು ನಿಲ್ಲುತ್ತದೆ, ಕಳ್ಳ ಮನೆಯೊಳಗೇ ಇರುತ್ತಾನೆ. ಜೊತೆಗಿದ್ದ ಶಿಲೀಂಧ್ರದ ಔಷಧಿಯ ಕೈ ಇಂಥ ಕಡೆ ಸಾಲುವುದಿಲ್ಲ. ಹೀಗೆ ಸ್ಟೀರಾಯ್ಡಿನಿಂದ ವೇಷ ಮರೆಸಿಕೊಂಡ ಗಜಕರ್ಣಕ್ಕೆ ಟಿನಿಯಾ ಇನ್‌ಕಾಗ್ನಿಟೊ ಎಂಬ ಹೆಸರು 1968ರಿಂದಲೇ ಇದೆಯಂತೆ. ಅಂದರೆ ನಾನು ಹುಟ್ಟುವ ಮೊದಲೇ ಗೊತ್ತಿದ್ದ ಮೋಸಕ್ಕೆ ನಾನು ಬಲಿಯಾದದ್ದು.

ಮುಖದ ಲೆಕ್ಕವೂ ಬೇರೆ. ಮುಂಗೈ ಒಂದು ಪಾಲು ಹೀರುವಾಗ ಹಣೆ ಆರು ಪಾಲು, ದವಡೆಯ ಭಾಗ ಹದಿಮೂರು ಪಾಲು ಹೀರುತ್ತದೆ ಎಂದು 1967ರಷ್ಟು ಹಿಂದೆಯೇ ಹೈಡ್ರೊಕಾರ್ಟಿಸೋನ್ ಹಚ್ಚಿ ಅಳೆದಿದ್ದಾರೆ. ಹೈಡ್ರೊಕಾರ್ಟಿಸೋನ್ ಎಂದರೆ ಸ್ಟೀರಾಯ್ಡ್‌ಗಳಲ್ಲಿ ಸಾಧು ಪ್ರಾಣಿ. ನಾನು ಕ್ಲೋಬೆಟಸಾಲನ್ನು ಸರಿಯಾಗಿ ದವಡೆಯ ಪಕ್ಕಕ್ಕೆ ಎರಡು ತಿಂಗಳು ತಿಕ್ಕಿದ್ದೆ. ಗುಳ್ಳೆ, ಕೂದಲು, ಬಿಸಿಲಿನ ಉರಿ ಎಲ್ಲಕ್ಕೂ ಕಾರಣ ಅದೇ.

ಸ್ಟೀರಾಯ್ಡ್ ಎಂದರೆ ವಿಷ ಎಂದು ನಾನು ಹೇಳುತ್ತಿಲ್ಲ. ನನ್ನ ತಾಯಿಯ ಕಾಲಿನ ಇಸಬಿಗೆ ಅದೇ ಜಾತಿಯ ಮುಲಾಮನ್ನು ವೈದ್ಯರೇ ಬರೆದಿದ್ದಾರೆ, ಇಷ್ಟೇ ದಿನ, ಇಷ್ಟೇ ಜಾಗ ಎಂದು ಲೆಕ್ಕ ಹಾಕಿ. ಆ ಲೆಕ್ಕವಿಲ್ಲದೆ ಕೈಗೆ ಬರುವುದೇ ತೊಂದರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಹಚ್ಚುವ ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ನನ್ನ ಟ್ಯೂಬಿನ ಮೇಲೂ ಆ ಎಚ್ಚರಿಕೆ ಅಚ್ಚಾಗಿತ್ತು, ಇರುವೆ ಗಾತ್ರದ ಅಕ್ಷರಗಳಲ್ಲಿ. ಮನೆಯಲ್ಲಿ ಯಾವುದಾದರೂ ಟ್ಯೂಬ್ ಇದ್ದರೆ ಈಗಲೇ ತಿರುಗಿಸಿ ನೋಡಿ: ಕ್ಲೋಬೆಟಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಫ್ಲುಯೊಸಿನೊಲೋನ್. ಬಂಗು ಎನ್ನುವ ಮುಖದ ಕಂದು ಕಲೆಗೆಂದು ಕೊಟ್ಟು, ಬೆಳ್ಳಗಾಗಲೆಂದು ಹೆಣ್ಣುಮಕ್ಕಳು ವರ್ಷಗಟ್ಟಲೆ ಹಚ್ಚಿಕೊಳ್ಳುವ ಕ್ರೀಮ್‌ಗಳಲ್ಲಿಯೂ ಈ ಹೆಸರುಗಳಲ್ಲಿ ಒಂದು ಸಿಗುವುದುಂಟು. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ಇದನ್ನು ಓದಿ ನಾಳೆ ಬೆಳಿಗ್ಗೆ ಎಸೆಯುವ ಬದಲು ವೈದ್ಯರ ಬಳಿಗೆ ಒಯ್ಯಿರಿ. ಹೇಗೆ ಬಿಡಬೇಕೆಂಬುದನ್ನೂ ಅವರೇ ಹೇಳಬೇಕು.

ಏಕೆಂದರೆ ಬಿಡುವುದು ಸುಲಭವಲ್ಲ. ನನ್ನ ಕ್ರೀಮ್ ನಿಂತ ಮೂರನೆಯ ದಿನ ಮುಖ ಊದಿ, ಎಡಗಣ್ಣು ಅರ್ಧ ಮುಚ್ಚಿತು. ಫ್ಯಾನಿನ ಗಾಳಿಯೂ ಕೆನ್ನೆಗೆ ಕಾರದಪುಡಿ ಎರಚಿದಂತೆ. ಸೋಪು ಬಂದ್, ಅರಿಶಿನ ಬಂದ್, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಮತ್ತು ತಣ್ಣೀರಲ್ಲಿ ಅದ್ದಿದ ಹತ್ತಿ ಬಟ್ಟೆ ಮಾತ್ರ. ರಾತ್ರಿ ಎರಡು ಗಂಟೆಗೆ ಎದ್ದು ಕಪಾಟಿನ ಮುಂದೆ ನಿಂತು, ಒಂದೇ ಒಂದು ಸಲ ಹಚ್ಚಿಬಿಡಲೇ ಎಂದು ಅತ್ತಿದ್ದೇನೆ. ನಾದಿನಿಯ ಮಗಳ ಮದುವೆಯನ್ನು ಮೊಬೈಲಿನಲ್ಲಿ ನೋಡಿದೆ. ಹತ್ತು ಹನ್ನೆರಡು ದಿನಕ್ಕೆ ಆ ಊತ ಇಳಿಯಿತು. ಶಿಲೀಂಧ್ರಕ್ಕೆ ಗುಳಿಗೆ ವಾರಗಟ್ಟಲೆ ನಡೆಯಿತು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದುಕೊಡುವ ಮೊದಲು ವೈದ್ಯೆ ಯಕೃತ್ತು, ಹೃದಯ, ಬೇರೆ ಮಾತ್ರೆಗಳು ಎಲ್ಲವನ್ನೂ ವಿಚಾರಿಸಿದರು. ನೀವು ನನ್ನ ಚೀಟಿ ನೋಡಿ ನುಂಗುವಂಥದ್ದಲ್ಲ ಅದು.

ಮುಖದ ಪ್ರತಿ ಒಣ ಮಚ್ಚೆಯೂ ಗಜಕರ್ಣವಲ್ಲ ಎಂಬುದೂ ನಿಜ. ಮೂಗಿನ ಪಕ್ಕ, ಹುಬ್ಬಿನಲ್ಲಿ ಜಿಡ್ಡುಜಿಡ್ಡಾದ ಹೊಟ್ಟು ಎದ್ದರೆ ಅದು ತಲೆಹೊಟ್ಟಿನ ಬಂಧುವಿರಬಹುದು. ಹೊಸ ಕ್ರೀಮ್ ಅಥವಾ ತಲೆಗೆ ಹಚ್ಚಿದ ಬಣ್ಣ ಒಗ್ಗದೆಯೂ ಆಗಬಹುದು. ಮೊದಲ ಎರಡು ದಿನ ಹೊಸದಾಗಿ ಹಚ್ಚುತ್ತಿರುವುದನ್ನೆಲ್ಲ ನಿಲ್ಲಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ನನ್ನ ಬಳಿ ಆ ದಾರದಂಥ ಅಂಚಿನ ಒಂದೂ ಫೋಟೊ ಇರಲಿಲ್ಲ.

ವೈದ್ಯೆಯ ಕೊನೆಯ ಪ್ರಶ್ನೆ: "ಮನೆಯಲ್ಲಿ ಇನ್ಯಾರಿಗೆ ತುರಿಕೆ ಇದೆ?" ಯಾರಿಗೂ ಇಲ್ಲ ಎನ್ನುತ್ತಿದ್ದವಳ ಬಾಯಿ ಅರ್ಧಕ್ಕೇ ನಿಂತಿತು. ಮಗ ದೀಪಾವಳಿಗೆ ಬಂದಾಗಲೂ ಅವನಿಗೆ ಕಡಿತವಿತ್ತಂತೆ, ನಾಚಿಕೆಯಿಂದ ಹೇಳಿರಲಿಲ್ಲ. ಬಚ್ಚಲುಮನೆಯ ಒಂದೇ ಟವೆಲನ್ನು ಇಬ್ಬರೂ ಬಳಸಿದ್ದೆವು. ಫೋನ್ ಮಾಡಿ ಕೇಳಿದೆ. ನಾನು ಕೊಟ್ಟ ಟ್ಯೂಬ್ ಎಂದೋ ಮುಗಿದಿತ್ತು, ಅದೇ ಕ್ರೀಮನ್ನು ಮತ್ತೆ ಕೊಂಡಿದ್ದಾನೆ, ರೂಮಿನ ಇನ್ನಿಬ್ಬರೂ ಅದನ್ನೇ ಹಚ್ಚುತ್ತಿದ್ದಾರೆ. ತೊಡೆಯ ಚರ್ಮದಲ್ಲಿ ಬಿಳಿ ಗೀರುಗಳು ಬಿದ್ದಿವೆ. ಅವು ಪೂರ್ತಿ ಹೋಗುವುದಿಲ್ಲ ಎಂದು ವೈದ್ಯೆ ಹೇಳಿದ್ದನ್ನು ನಾನಿನ್ನೂ ಅವನಿಗೆ ಹೇಳಿಲ್ಲ. ಅವನ ಗುಳಿಗೆ ಇನ್ನೂ ನಡೆಯುತ್ತಿದೆ. ಈಗ ಮನೆಯಲ್ಲಿ ತಲೆಗೊಂದು ಟವೆಲ್, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು.

ಯುಗಾದಿ ಕಳೆದ ಮೇಲೆ ಖಾಲಿ ಟ್ಯೂಬ್‌ಗಳನ್ನು ಹಿಡಿದು ಆ ಅಂಗಡಿಗೆ ಹೋದೆ. ಅವರು ಜಗಳವಾಡಲಿಲ್ಲ. ನನ್ನ ಕೆನ್ನೆ ನೋಡಿ ನಿಜವಾಗಿಯೂ ನೊಂದುಕೊಂಡರು. "ಎಲ್ಲರೂ ಬಂದು ಕೇಳುತ್ತಾರೆ ಮೇಡಂ. ನಾನು ಕೊಡದಿದ್ದರೆ ಪಕ್ಕದವರು ಕೊಡುತ್ತಾರೆ" ಎಂದರು. ನಾನು ಅಲ್ಲಿರುವಾಗಲೇ ಹನ್ನೆರಡು ವರ್ಷದ ಹುಡುಗನೊಬ್ಬ ಸೈಕಲ್ ಒರಗಿಸಿ ಬಂದು, ಅಪ್ಪ ಹೇಳಿದ್ದಾರೆ ಎಂದು ಅದೇ ಕ್ರೀಮಿನ ಹೆಸರು ಹೇಳಿದ. ಅಂಗಡಿಯವರು ನನ್ನ ಮುಖ ನೋಡಿದರು, ಹುಡುಗನ ಮುಖ ನೋಡಿದರು.

"ಸ್ಟಾಕ್ ಇಲ್ಲ ಪುಟ್ಟಾ, ಸಂಜೆ ಬಾ."